ಕಂಪ್ಯೂಟರ್ ಪೆಟ್ಟಿಗೆಯ ಸದ್ದು: ಫೋಮ್ ಕೊನೆಯ ಕೆಲಸ

ಕುವೆಂಪುನಗರ, ಮೈಸೂರು
21 ಏಪ್ರಿಲ್ 2024, ಭಾನುವಾರ

ಅಪ್ಪನ ಗಮಕ ವಾಚನವನ್ನು ಮನೆಯಲ್ಲೇ ಧ್ವನಿಮುದ್ರಿಸಲು ಅಡ್ಡಿಯಾಗಿದ್ದ ಕಂಪ್ಯೂಟರ್ ಪೆಟ್ಟಿಗೆಯ ಸದ್ದನ್ನು ತಗ್ಗಿಸುವ ಕೆಲಸ ಇಂದು ಬಹುಮಟ್ಟಿಗೆ ಮುಗಿಯಿತು. ಮುದ್ರಣದಲ್ಲಿ ಎರಡು ಬಗೆಯ ಸದ್ದು ಕೇಳುತ್ತಿತ್ತು. ಒಂದು ಫ್ಯಾನಿನ ಗಾಳಿಯ ಸುಯ್ಯೆನ್ನುವ ಸದ್ದು. ಇನ್ನೊಂದು ಕೆಳಸ್ಥಾಯಿಯ ಗುಂಯ್‌ಕಾರ. ಹೆಚ್ಚು ಕಾಟ ಕೊಡುತ್ತಿದ್ದುದು ಎರಡನೆಯದು. ನಮ್ಮ ಹಾರ್ಡ್ ಡಿಸ್ಕ್ ನಿಮಿಷಕ್ಕೆ 7200 ಸುತ್ತು, ಎಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಹೀಗೆ ಹುಟ್ಟುವ 120 ಹರ್ಟ್ಸ್‌ನ ಕಂಪನವು ಗಂಡಸರ ಧ್ವನಿಯ ಮೂಲ ಆವರ್ತನದ ವ್ಯಾಪ್ತಿಯಲ್ಲೇ ಬೀಳುವುದರಿಂದ, ಅದನ್ನು ತಂತ್ರಾಂಶದಲ್ಲಿ ಸೋಸಲು ಹೊರಟರೆ ಅಪ್ಪನ ಧ್ವನಿಯ ತುಂಬುತನವೂ ಅದರ ಜೊತೆಗೇ ಹೋಗುತ್ತದೆ. ಇದು ಕರೆಂಟಿನ 50 ಹರ್ಟ್ಸ್‌ನ ಗುಂಯ್‌ಕಾರವೇನೋ ಎಂಬ ಅನುಮಾನವಿತ್ತು. ಡಿಸ್ಕ್ ತಿರುಗುವುದನ್ನು ನಿಲ್ಲಿಸಿದೊಡನೆ ಸದ್ದೂ ನಿಂತದ್ದರಿಂದ ಅದು ಬಗೆಹರಿಯಿತು.

ಪೆಟ್ಟಿಗೆಯ ಒಳಗೆಲ್ಲ ಫೋಮ್ ಅಂಟಿಸಿಬಿಡಿ ಎಂಬ ಸಲಹೆ ಎಲ್ಲರಿಂದಲೂ ಬರುತ್ತದೆ. ಗುಂಯ್‌ಕಾರಕ್ಕೆ ಅದರಿಂದ ಪ್ರಯೋಜನವಿಲ್ಲ. ಫೋಮ್ ಸದ್ದನ್ನು ಚೆನ್ನಾಗಿ ಹೀರಬೇಕಾದರೆ ಅದರ ದಪ್ಪವು ತರಂಗಾಂತರದ ಕಾಲು ಭಾಗಕ್ಕೆ ಸಮೀಪವಾಗಿರಬೇಕು. 120 ಹರ್ಟ್ಸ್‌ನ ಸದ್ದಿಗೆ ಗಾಳಿಯಲ್ಲಿ ತರಂಗಾಂತರ ಸುಮಾರು 2.9 ಮೀಟರ್, ಅದರ ಕಾಲು ಭಾಗವೆಂದರೆ ಎಪ್ಪತ್ತು ಸೆಂಟಿಮೀಟರಿಗೂ ಮಿಕ್ಕುತ್ತದೆ, ಪೆಟ್ಟಿಗೆಯೇ ಅಷ್ಟು ಅಗಲವಿಲ್ಲ. ಹತ್ತು ಮಿಲಿಮೀಟರ್ ದಪ್ಪದ ಫೋಮ್ ಕೆಲವು ಸಾವಿರ ಹರ್ಟ್ಸ್‌ಗಿಂತ ಮೇಲಿನ ಸದ್ದನ್ನು ಮಾತ್ರ ಹಿಡಿಯುತ್ತದೆ.

ಆದ್ದರಿಂದ ಮೊದಲು ಡಿಸ್ಕನ್ನು ಪೆಟ್ಟಿಗೆಯ ಲೋಹದಿಂದ ಬಿಡಿಸಿದೆ. ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಅಗಲ ಎಲಾಸ್ಟಿಕ್ಕನ್ನು ಅಡ್ಡಲಾಗಿ ಬಿಗಿದು, ಡಿಸ್ಕ್ ಎಲ್ಲಿಯೂ ತಗಡಿಗೆ ತಾಗದಂತೆ ತೂಗುಹಾಕಿದ್ದೇನೆ. ಅಡಿಯ ನಾಲ್ಕು ಮೂಲೆಗಳಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡುಗಳನ್ನು ಮಡಿಸಿ ಇಟ್ಟು ಪೆಟ್ಟಿಗೆಯನ್ನು ಮರದ ಮೇಜಿನಿಂದ ನೆಲಕ್ಕಿಳಿಸಿದೆ, ಏಕೆಂದರೆ ಮೇಜಿನ ಹಲಗೆಯೇ ಕಂಪನವನ್ನು ಹಿಗ್ಗಿಸಿ ಕೋಣೆಗೆ ಹರಡುತ್ತಿತ್ತು. ಎಲಾಸ್ಟಿಕ್ ಕಾಲಕ್ರಮದಲ್ಲಿ ಸಡಿಲವಾಗುತ್ತದೆ, ಆಗಾಗ ನೋಡುತ್ತಿರಬೇಕು. ಲೋಹದ ಆಸರೆಯಿಲ್ಲದ ಡಿಸ್ಕಿಗೆ ಗಾಳಿಯೂ ಸಾಕಷ್ಟು ತಗುಲುತ್ತಿರಬೇಕು.

ಪಕ್ಕದ ತಗಡುಗಳದ್ದು ಬೇರೆಯೇ ಕಥೆ. ಅಗ್ಗದ ಪೆಟ್ಟಿಗೆಯ ಉಕ್ಕಿನ ತಗಡು ಒಂದು ಮಿಲಿಮೀಟರಿಗಿಂತ ತೆಳುವಾಗಿದ್ದು, ಬೆರಳಿನಿಂದ ತಟ್ಟಿದರೆ ಜಾಗಟೆಯಂತೆ ಮೊಳಗುತ್ತದೆ. ಹೊಡೆದ ಜಾಗಟೆಯ ಮೇಲೆ ಅಂಗೈ ಇಟ್ಟೊಡನೆ ನಾದ ಅಡಗುವಂತೆ, ತಗಡಿನ ಮೈಗೆ ಅಂಟಿದ ಮೆತ್ತನೆಯ ಭಾರದ ಪದರವು ಕಂಪನದ ಶಕ್ತಿಯನ್ನು ಶಾಖವಾಗಿಸಿ ಕೊಲ್ಲುತ್ತದೆ. ಕಾರಿನ ಬಾಗಿಲೊಳಗೆ ಅಂಟಿಸುವ, ಬ್ಯುಟೈಲ್ ರಬ್ಬರಿನ ಮೇಲೆ ಅಲ್ಯೂಮಿನಿಯಂ ಹಾಳೆಯಿರುವ ಡ್ಯಾಂಪಿಂಗ್ ಶೀಟ್ ಇದಕ್ಕೆ ಹೇಳಿಮಾಡಿಸಿದ್ದು. ಡಾಂಬರಿನ ಶೀಟು ಅಗ್ಗವಾದರೂ ಬೇಸಿಗೆಯಲ್ಲಿ ಮೆತ್ತಗಾಗಿ ವಾಸನೆ ಬರುತ್ತದೆಂದು ನಾನು ಅದನ್ನು ಕೊಳ್ಳಲಿಲ್ಲ. ತಗಡನ್ನು ಸ್ಪಿರಿಟ್ಟಿನಿಂದ ಒರೆಸಿ, ಹೆಚ್ಚು ಕಂಪಿಸುವ ನಡುಭಾಗಕ್ಕೆ ಶೀಟನ್ನು ಅಂಟಿಸಿ, ಒಳಗೆ ಗಾಳಿ ಉಳಿಯದಂತೆ ಲಟ್ಟಣಿಗೆಯಿಂದ ಒತ್ತಿ ಉಜ್ಜಿದೆ. ಲಟ್ಟಣಿಗೆಯ ವಿಷಯದಲ್ಲಿ ಅಮ್ಮನ ಅಪ್ಪಣೆ ಸುಲಭವಾಗಿ ಸಿಗಲಿಲ್ಲ. ತಗಡಿನ ಕಾಲು ಭಾಗದಷ್ಟು ಮುಚ್ಚಿದರೂ ಮೊಳಗು ಹೆಚ್ಚಿನಂಶ ನಿಲ್ಲುತ್ತದೆ. ಪೂರ್ತಿ ಮುಚ್ಚುವುದರಿಂದ ಖರ್ಚು ಏರುವಷ್ಟು ಫಲ ಏರುವುದಿಲ್ಲ. ಮೇಲಿನ ಅಲ್ಯೂಮಿನಿಯಂ ವಿದ್ಯುತ್ ಹರಿಸುವುದರಿಂದ ಮದರ್‌ಬೋರ್ಡಿನ ಬೆಸುಗೆಗಳ ಹತ್ತಿರಕ್ಕೆ ಅದು ಸುಳಿಯದಂತೆ ಎಚ್ಚರ ವಹಿಸಿದ್ದೇನೆ.

ಫ್ಯಾನುಗಳಿಗೆ ಯಾವ ಸಾಮಗ್ರಿಯೂ ಬೇಕಾಗಲಿಲ್ಲ. ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಅದರ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ, ಗಾಳಿ ಮಾತ್ರ ಅರ್ಧವಾಗುತ್ತದೆ. ಕೇವಲ 10 ಡೆಸಿಬೆಲ್ ಇಳಿದರೂ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆಂಬುದನ್ನು ನೆನೆದರೆ ಇದು ದೊಡ್ಡ ಲಾಭ. 80 ಮಿಲಿಮೀಟರಿನ ಹಳೆಯ ಫ್ಯಾನಿನ ಬದಲು 120 ಮಿಲಿಮೀಟರಿನದನ್ನು ಹಾಕಿ, ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಬಯಾಸ್ (BIOS) ಎಂಬ ಮೂಲ ಸೆಟ್ಟಿಂಗಿನಲ್ಲಿ ವೇಗವನ್ನು ತಗ್ಗಿಸಿದೆ. ಈ ಏಪ್ರಿಲ್ ಸೆಕೆಯಲ್ಲಿ ಇನ್ನೂ ತಗ್ಗಿಸುವ ಧೈರ್ಯ ನನಗಿಲ್ಲ. ಧ್ವನಿಮುದ್ರಣದ ಹೊತ್ತಿನಲ್ಲಿ ಕೋಣೆಯ ಸೀಲಿಂಗ್ ಫ್ಯಾನನ್ನೂ ಆರಿಸಬೇಕಾಗುವುದರಿಂದ ಅಪ್ಪನಿಗೂ ಯಂತ್ರಕ್ಕೂ ಒಟ್ಟಿಗೇ ಬೆವರು.

ಇಷ್ಟಾದ ಮೇಲೆ ಉಳಿದ ಸುಯ್ಯೆನ್ನುವ ಸದ್ದಿಗಾಗಿ ಮುಂಭಾಗದ ಬಾಗಿಲಿನ ಒಳಮೈಗೆ ಮತ್ತು ಮೇಲ್ಮುಚ್ಚಳಕ್ಕೆ ಮಾತ್ರ, ಗಾಳಿಕಿಂಡಿಗಳನ್ನು ಬಿಟ್ಟು, ಬೆಂಕಿ ತಡೆಯುವ ಬಗೆಯ ತೆಳು ಫೋಮ್ ಹಾಕಿದೆ. ಸೋಫಾದ ಹಳೆಯ ಫೋಮನ್ನು ಬಳಸಲೇಬಾರದು. ಅದು ಬೇಗ ಬೆಂಕಿ ಹಿಡಿಯುತ್ತದೆ, ಹಳತಾದಂತೆ ಪುಡಿಯಾಗಿ ಫ್ಯಾನಿಗೆ ಸೇರುತ್ತದೆ.

ಈಗ ಕೇಳಿಸುವುದು ಪವರ್ ಸಪ್ಲೈನ ಫ್ಯಾನ್ ಒಂದೇ. ವೈರ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದಾದ್ದರಿಂದ ಅದನ್ನು ಬಿಚ್ಚುವುದಿಲ್ಲ. ಬದಲಿಸುವ ಕಾಲ ಬಂದಾಗ, ಹೊರೆ ಕಡಿಮೆಯಿದ್ದಾಗ ಫ್ಯಾನನ್ನೇ ನಿಲ್ಲಿಸುವಂಥದ್ದನ್ನು ಕೊಳ್ಳುತ್ತೇನೆ.