ಮಳೆಗಾಲದ ಪಾಲಿಶ್: ಬಾಗಿಲು ಬೆಳ್ಳಗಾಗುವುದು ಕೊನೆಗೂ ನಿಂತಿತು

ಗೆದ್ದೆ! ಪಾಲಿಶ್ ಹಚ್ಚಿದ ಹಳೇ ಬಾಗಿಲಿನ ಮೇಲಿನ ಬಿಳಿ ಮಬ್ಬು ಹೋಯಿತು. ಮುಂಬೈಯ ಮುಲುಂಡ್‌ನ ನಮ್ಮ ಫ್ಲ್ಯಾಟಿನ ಖಾಲಿ ಬೆಡ್‌ರೂಮನ್ನು ಹಳೇ ಸಾಮಾನಿನಲ್ಲೇ ಊರ ಮನೆ ಥರ ಮಾಡುವ ಕೆಲಸ ಇದೊಂದರಿಂದಾಗಿ ಅರ್ಧಕ್ಕೆ ನಿಂತಿತ್ತು.

ಉಳಿದದ್ದು ಸಲೀಸಾಗಿ ಆಗಿದೆ. ಹೊಲಿಗೆ ಮಿಷಿನ್ನಿನ ಬೀಡುಕಬ್ಬಿಣದ ಸ್ಟ್ಯಾಂಡಿನ ಮೇಲೆ ಹಲಗೆ ಕೂರಿಸಿದೆ, ಮೇಜು ರೆಡಿ. ಅಮ್ಮನ ಹಳೇ ಇಳಕಲ್ ಸೀರೆ ಪರದೆಯಾಯಿತು. ಓಶಿವಾರಾದ ಹಳೇ ಫರ್ನಿಚರ್ ಮಾರ್ಕೆಟ್‌ನಲ್ಲಿ ಸಿಕ್ಕ ಸಾಗುವಾನಿ ಬಾಗಿಲನ್ನು ಅಡ್ಡ ಮಲಗಿಸಿ ಮಂಚದ ಹೆಡ್‌ಬೋರ್ಡ್ ಮಾಡಬೇಕಿತ್ತು. ಅದರ ಹಸಿರು ಆಯಿಲ್ ಪೇಂಟನ್ನು ರಿಮೂವರ್ ಹಚ್ಚಿ, ಒದ್ದೆ ಇರುವಾಗಲೇ ಕೆರೆದು ತೆಗೆದೆ. ಹಳೇ ಪೇಂಟಿಗೆ ಒಣ ಸ್ಯಾಂಡಿಂಗ್ ಬೇಡವೇ ಬೇಡ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ದಾಟಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಪೇಂಟಿನಲ್ಲಿ ಸೀಸ ಜಾಸ್ತಿ ಇದ್ದಿರಬಹುದು, ಆ ಧೂಳು ಮಕ್ಕಳಿರುವ ಮನೆಯಲ್ಲಿ ಹಾರಬಾರದು.

ಗೋಳು ಶುರುವಾದದ್ದು ಪಾಲಿಶ್‌ನಲ್ಲಿ. ನನಗೆ ಪಿಯು (ಪಾಲಿಯುರೆಥೇನ್ ಪಾಲಿಶ್) ಬೇಡ. ಎಷ್ಟೇ ಮ್ಯಾಟ್ ಅಂದರೂ ಪ್ಲಾಸ್ಟಿಕ್ ಹೊದಿಸಿದಂತೆ ಕಾಣುತ್ತದೆ, ಗೀರು ಬಿದ್ದರೆ ರಿಪೇರಿ ಕಷ್ಟ. ಅರಗಿನ ಪಾಲಿಶ್ ಹಾಗಲ್ಲ. ಸ್ಪಿರಿಟ್ (ಆಲ್ಕೋಹಾಲ್) ತಾಗಿದರೆ ಹಳೇ ಕೋಟ್ ಕರಗಿ ಹೊಸದರ ಜೊತೆ ಸೇರಿಕೊಳ್ಳುತ್ತದೆ. ಲೀಟರ್ ಸ್ಪಿರಿಟ್‌ಗೆ 250 ಗ್ರಾಂ ಲಾಖ್ (ಅರಗಿನ ಚಕ್ಕೆ) ಹಾಕಿ ನೆನೆಸಿದೆ. ಮೊದಲ ಕೋಟ್ ಹಚ್ಚಿದಾಗ ಮರದ ಗೆರೆಗಳು ಜೇನಿನ ಬಣ್ಣಕ್ಕೆ ತಿರುಗಿದವು. ಚಹಾ ಕುಡಿದು ಬಂದು ನೋಡಿದರೆ ಬಾಗಿಲ ತುಂಬ ಬಿಳಿ ಪೊರೆ! ಒರೆಸಿದರೆ ಹೋಗಲಿಲ್ಲ, ಇನ್ನೊಂದು ಕೋಟ್ ಕೊಟ್ಟರೆ ಜಾಸ್ತಿಯಾಯಿತು.

ಕಾರಣ ಇಷ್ಟೆ. ಸ್ಪಿರಿಟ್ ಆರುವಾಗ ಮರದ ಮೈ ತಣ್ಣಗಾಗುತ್ತದೆ. ಮುಂಬೈಯ ಜುಲೈ ಗಾಳಿಯಲ್ಲಿರುವ ನೀರು ಅಲ್ಲೇ ಇಬ್ಬನಿಯಾಗಿ ಕೂರುತ್ತದೆ. ಅದು ಪೊರೆಯೊಳಗೆ ಸಿಕ್ಕಿಕೊಂಡರೆ ಬೆಳಕು ಚೆದುರಿ ಬಿಳಿ ಕಾಣುತ್ತದೆ. ಸಾಲದ್ದಕ್ಕೆ ಸ್ಪಿರಿಟ್ ತಾನೂ ಗಾಳಿಯಿಂದ ನೀರು ಹೀರುತ್ತದೆ.

ಇಲ್ಲಿ ಅಂಗಡಿಯವರ ಮೇಲೆ ನನಗೆ ಸಿಟ್ಟಿದೆ. ದೊಡ್ಡ ಡಬ್ಬದಿಂದ ಬಾಟಲಿಗೆ ಸುರಿದು ಕೊಡುವ ಸ್ಪಿರಿಟ್ ಎಷ್ಟು ದಿನದಿಂದ ಮುಚ್ಚಳ ತೆರೆದಿತ್ತೋ ಯಾರಿಗೆ ಗೊತ್ತು? ಕೇಳಿದರೆ 'ಸಬ್ ಏಕ್ ಹೀ ಹೈ' ಅಂದರು. ಒಂದೇ ಅಲ್ಲ. ಬಾಲ್ಕನಿಯಲ್ಲಿ ಎರಡು ಸ್ಟೀಲ್ ಬಟ್ಟಲಿಟ್ಟು, ಒಂದಕ್ಕೆ ಆ ಸ್ಪಿರಿಟ್, ಇನ್ನೊಂದಕ್ಕೆ ಬೇರೆ ಕಡೆ ತಂದ ಸೀಲ್ ಕ್ಯಾನಿನದು, ಒಂದೊಂದೇ ಚಮಚ ಹಾಕಿ ಬೆಂಕಿ ಹಚ್ಚಿದೆ. ಸೀಲ್ ಕ್ಯಾನಿನದು ಉರಿದು ಹೋಗಿ ತಳದಲ್ಲಿ ಒಂದೆರಡು ಹನಿ ಉಳಿಯಿತು. ಅಂಗಡಿಯದು ಬೇಗ ನಂದಿಹೋಗಿ ಬಟ್ಟಲ ತಳ ಮುಚ್ಚುವಷ್ಟು ನೀರು ಬಿಟ್ಟಿತು. ಈ ಪರೀಕ್ಷೆ ಮಾಡುವುದಾದರೆ ಬಾಟಲಿ ದೂರವಿಡಿ. ಹಗಲಲ್ಲಿ ಸ್ಪಿರಿಟ್ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲ.

ಸ್ಪಿರಿಟ್ ಬದಲಾಯಿತು, ಗಾಳಿ ಬದಲಾಗಬೇಕಲ್ವಾ? ಕಿಟಕಿ ತೆರೆದರೆ ತೇವ ಬರುತ್ತದೆ, ಮುಚ್ಚಿದರೆ ಸ್ಪಿರಿಟ್ ಹಬೆಗೆ ತಲೆ ಸುತ್ತುತ್ತದೆ. ಬಾಗಿಲನ್ನು ರೂಮಿನಲ್ಲೇ ಇಟ್ಟು, ರಾತ್ರಿಯಿಡೀ ಏಸಿಯನ್ನು ಡ್ರೈ ಮೋಡ್‌ನಲ್ಲಿ ಬಿಟ್ಟೆ. ಮೀಟರಿನಲ್ಲಿ ಶೇ. 88 ಇದ್ದ ಗಾಳಿಯ ತೇವಾಂಶ 55ಕ್ಕೆ ಇಳಿಯಿತು. ಬೆಳಗ್ಗೆ ಏಸಿ ಆಫ್ ಮಾಡಿ, ಮರದ ತಣುಪು ಬಿಟ್ಟ ಮೇಲೆ ಮಾಸ್ಕ್ ಹಾಕಿ ಕೆಲಸಕ್ಕೆ ಇಳಿದೆ. ಹತ್ತಿ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ, ಹೊಸ ಸ್ಪಿರಿಟ್ ತಾಗಿತೋ ಇಲ್ಲವೋ ಅನ್ನುವಷ್ಟೇ ನೆನೆಸಿ, ಗೆರೆಯ ಉದ್ದಕ್ಕೆ ಹಗುರವಾಗಿ ಎಳೆದೆ. ಕೈ ಹೋದ ದಾರಿಯಲ್ಲಿ ಬಿಳಿ ಸರಿದು ಜೇನು ಬಣ್ಣ ಮತ್ತೆ ಬಂತು! ಖುಷಿಗೆ ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. ಮುಂದಿನ ಕೋಟುಗಳಿಗೆ ಲಾಖ್ ಅರ್ಧ ಮಾಡಿದೆ, ತೆಳ್ಳಗೆ ಹಚ್ಚಿದೆ, ಹಚ್ಚಿದ ಕೂಡಲೇ ರೂಮಿನಿಂದ ಹೊರಗೆ. ಸ್ವಿಚ್ಚಿನಿಂದ ಕಿಡಿ ಹಾರೀತೆಂದು ಹಬೆ ಹೋಗುವವರೆಗೆ ಏಸಿ ಮುಟ್ಟಲಿಲ್ಲ.

ಮೇಣ ಉಜ್ಜುವುದು ಬಾಕಿ. ಆದರೆ ಮನಸ್ಸು ಆಗಲೇ ಹೆಂಚಿನ ಮೇಲಿದೆ. ಪಕ್ಕದ ಓಣಿಯಲ್ಲಿ ಕೆಡವಿದ ಹಳೇ ಬಂಗಲೆಯಿಂದ ಮಂಗಳೂರು ಹೆಂಚು ತಂದಿದ್ದೇನೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಉದ್ಯಮದ ಹೆಂಚು ಮುಂಬೈ ಮಾಡಿನ ಮೇಲೂ ಕೂತಿತ್ತು ಅಂದರೆ ಮಂಗಳೂರಿನವನಾದ ನನಗೆ ಹೆಮ್ಮೆಯೇ. ಅದನ್ನು ಗೋಡೆ ದೀಪದ ಮರೆ ಮಾಡಬೇಕು. ಹೆಂಚು ಸೀಳದ ಹಾಗೆ ತೂತು ಕೊರೆದವರು ಯಾರಾದರೂ ಇದ್ದರೆ ಹೇಳಿ: ಯಾವ ಬಿಟ್, ನೀರು ಹನಿಸುತ್ತಾ ಕೊರೆದಿರಾ, ಒಣದಾಗಿಯೇ ಕೊರೆದಿರಾ?