ನಾನೇ ಹಾಕಿದ ಕಾಸ್ಟ್

ಕಳೆದ ಮೇ ತಿಂಗಳಿನ ಒಂದು ರಾತ್ರಿ ಕಲಬುರಗಿಯ ಮನೆಯಿಂದಲೇ ವಿಪಿಎನ್ ಮೂಲಕ ಗ್ರಾಹಕರ ಮೇನ್‌ಫ್ರೇಮ್‌ಗೆ ಲಾಗಿನ್ ಆಗಿದ್ದೆ. ಅಂದೇ 31 ಬಿಟ್ ಮೆಮೊರಿ ವಿಳಾಸದಿಂದ 64 ಬಿಟ್‌ಗೆ ಬದಲಾಯಿಸಿದ್ದ ಸಿ ಪ್ರೋಗ್ರಾಂ ಮೊದಲ ದಾಖಲೆಗೇ ಎಸ್0ಸಿ4 (ಮುಟ್ಟಬಾರದ ಮೆಮೊರಿಯನ್ನು ಮುಟ್ಟಿದ ದೋಷ) ಆಗಿ ಬಿತ್ತು. ಕಂಪೈಲ್ 0, ಬೈಂಡ್ 0, ಅಂದರೆ ಪ್ರೋಗ್ರಾಂ ಕಟ್ಟುವಾಗ ದೋಷವೇನೂ ಕಂಡಿರಲಿಲ್ಲ. ಬ್ಯಾಚ್ ವಿಂಡೋ (ಜಾಬ್‌ಗಳನ್ನು ಓಡಿಸಲು ಕೊಟ್ಟ ಅವಧಿ) ಮುಗಿಯಲು ಎರಡು ಗಂಟೆಯಷ್ಟೇ ಉಳಿದಿತ್ತು.

ಬೀದರಿನಿಂದ ಕರೆಯಲ್ಲಿದ್ದ ಕಿರಿಯ ಸಹೋದ್ಯೋಗಿ ಹೆಚ್ಚಿನ ಸೂಚನೆಗಳನ್ನು ತೋರಿಸುವ ಇನ್ಫೋ ಆಯ್ಕೆ ಹಾಕಿ ಮತ್ತೆ ಕಂಪೈಲ್ ಮಾಡಿ, ಸ್ಟ್ರಿಂಗ್ ನಕಲು ಮಾಡುವ ಸ್ಟ್ರ್‌ಡಪ್ ಫಂಕ್ಷನ್‌ಗೆ ಪ್ರೋಟೋಟೈಪ್ (ಅದು ಏನು ಕೊಡುತ್ತದೆಂಬ ಘೋಷಣೆ) ಇಲ್ಲವೆಂದು ಸಿಸಿಎನ್3304 ಸಂದೇಶ ಬರುತ್ತಿದೆ ಎಂದಳು. "ಘೋಷಣೆಗಳಿರುವ ಸ್ಟ್ರಿಂಗ್ ಡಾಟ್ ಎಚ್ ಹೆಡರ್ ಸೇರಿಸಿದೆಯಲ್ಲ, ಅದು ಬರೀ ಮಾಹಿತಿಯ ಐ ಮೆಸೇಜು, ಬಿಡು" ಎಂದುಬಿಟ್ಟೆ. ಆ ಒಂದು ಮಾತಿನಿಂದ ನಲವತ್ತು ನಿಮಿಷ ಹೀಪ್ (ಪ್ರೋಗ್ರಾಂ ಓಡುವಾಗ ಪಡೆಯುವ ಮೆಮೊರಿ) ಆಯ್ಕೆಗಳನ್ನು ಬದಲಿಸುತ್ತಾ ಕಳೆದೆವು.

ಕೊನೆಗೆ ಬಿದ್ದ ಪ್ರೋಗ್ರಾಂನ ಸ್ಥಿತಿ ತೋರಿಸುವ ಸಿಇಇಡಂಪ್ ವರದಿಯಲ್ಲಿ ಪಾಯಿಂಟರ್‌ನ (ಮೆಮೊರಿ ವಿಳಾಸದ) ಹದಿನಾರು ಅಂಕೆಗಳ ಪೈಕಿ ಮೊದಲ ಎಂಟೂ ಸೊನ್ನೆಯಾಗಿದ್ದುದು ಕಣ್ಣಿಗೆ ಬಿತ್ತು. ಆ ಹೆಡರ್ ಇದ್ದರೂ, ಎಕ್ಸ್‌ಓಪನ್ ಸೋರ್ಸ್ ಎಕ್ಸ್‌ಟೆಂಡೆಡ್ ಮ್ಯಾಕ್ರೋ (ಪ್ರೋಗ್ರಾಂನಲ್ಲಿ ಬರೆಯುವ ಸ್ವಿಚ್‌ನಂಥ ಸಾಲು) ಇಲ್ಲದೆ ಸ್ಟ್ರ್‌ಡಪ್‌ನ ಘೋಷಣೆ ಹೊರಗೆ ಬರುವುದಿಲ್ಲ. ಆಗ ಹಳೆಯ ರೂಢಿಯಂತೆ ಕಂಪೈಲರ್ ಅದನ್ನು ಇಂಟ್ (ಪೂರ್ಣಾಂಕ) ಕೊಡುವ ಫಂಕ್ಷನ್ ಎಂದು ಭಾವಿಸಿ 32 ಬಿಟ್ ಮಾತ್ರ ಉಳಿಸಿಕೊಳ್ಳುತ್ತದೆ. 1999ರ ಸಿ ಪ್ರಮಾಣ ಈ ಸಲಿಗೆಯನ್ನು ತೆಗೆದುಹಾಕಿದೆ, ಆದರೆ ನಮ್ಮ ಕಂಪೈಲ್ ಆಯ್ಕೆಗಳು ಇನ್ನೂ ಹಳೆಯವೇ. 31 ಬಿಟ್‌ನಲ್ಲಿ ಇಂಟ್ ಮತ್ತು ಪಾಯಿಂಟರ್ ಎರಡೂ 4 ಬೈಟ್ ಆಗಿದ್ದುದರಿಂದ ವರ್ಷಗಟ್ಟಲೆ ಯಾರಿಗೂ ಗೊತ್ತಾಗಿರಲಿಲ್ಲ.

ನನ್ನನ್ನು ಇಂದಿಗೂ ಚುಚ್ಚುವುದು ಸ್ಟ್ರ್‌ಡಪ್ ಕರೆದ ಸಾಲಿನಲ್ಲಿದ್ದ ಕ್ಯಾರ್ ಸ್ಟಾರ್ ಕಾಸ್ಟ್, ಅಂದರೆ ಬಂದ ಮೌಲ್ಯವನ್ನು ಪಾಯಿಂಟರ್ ಎಂದೇ ಕಾಣು ಎಂಬ ಬಲವಂತದ ಆಜ್ಞೆ. ಇಂಟನ್ನು ಪಾಯಿಂಟರ್‌ಗೆ ಇಡುತ್ತಿದ್ದೀರಿ ಎಂದು ಕಂಪೈಲರ್ ಅಂದೇ ದೂರಿತ್ತು. ಲಿಸ್ಟಿಂಗ್ ಚೊಕ್ಕಟವಾಗಿರಲೆಂದು ಕಾಸ್ಟ್ ಹಾಕಿ ಅದರ ಬಾಯಿ ಮುಚ್ಚಿಸಿದವನು ನಾನೇ. ಬದಲಾವಣೆಯ ಟಿಪ್ಪಣಿಯಲ್ಲಿ ನನ್ನ ಇನಿಷಿಯಲ್ ಇತ್ತು.

ಅವಸರದಲ್ಲಿ ಮ್ಯಾಕ್ರೋವನ್ನು ಎಸ್‌ಟಿಡಿಐಓ ಹೆಡರ್ ಸೇರಿಸುವ ಇನ್‌ಕ್ಲೂಡ್ ಸಾಲಿನ ಕೆಳಗೆ ಬರೆದೆ. 3304 ಮತ್ತೆ ಬಂತು. ಮೊದಲ ಹೆಡರ್‌ಗಿಂತ ಮೇಲೇ ಇರಬೇಕೆಂದು ಈ ಸಲವೂ ಅವಳೇ ನೆನಪಿಸಿದಳು. ಸಾಲನ್ನು ಮೇಲಕ್ಕೆ ಸರಿಸಿ, ಕಾಸ್ಟ್ ಕಿತ್ತುಹಾಕಿದ ಮೇಲೆ ಜಾಬ್ 0 ಆಗಿ ಮುಗಿಯಿತು. ವಿಂಡೋ ಮುಗಿಯಲು ಹನ್ನೊಂದು ನಿಮಿಷವಿತ್ತು.

ಎಲ್ಲ ತಂಡಗಳ ಕಂಪೈಲ್ ಪ್ರೊಸೀಜರ್‌ನಲ್ಲಿ ಇನ್ಫೋ ಜೊತೆಗೆ ಸೂಚಿಸಿದ ಸಂದೇಶ ಬಂದರೆ ಕಂಪೈಲ್ ನಿಲ್ಲಿಸುವ ಹಾಲ್ಟ್‌ಆನ್‌ಎಂಎಸ್‌ಜಿಗೆ ಸಿಸಿಎನ್3304 ಸೇರಿಸಿ ಎಂದು ಮರುದಿನವೇ ಕೋರಿದೆ. ಮುಂದಿನ ರಿಲೀಸ್ ಆದಮೇಲೆ ನೋಡೋಣವೆಂದು ಮೇಲಿನವರು ಎರಡು ಬಾರಿ ಮುಂದೂಡಿದ್ದಾರೆ. ನಮ್ಮ ತಂಡದ ಪ್ರೊಸೀಜರ್‌ನಲ್ಲಿ ಅವಳೇ ಅದನ್ನು ಸೇರಿಸಿದ್ದಾಳೆ, ನಾನು ಸಹಿ ಹಾಕಿದ್ದೇನೆ.