ಹಾರ್ವೆಸ್ಟರ್ ಕ್ಯಾಬಿನ್ನಿನ ಬ್ಲೋವರ್‌ಗೆ ರಿಲೇ ಹಾಕುವುದು

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಬೇಸಿಗೆ ಭತ್ತದ ಕಟಾವು ಏಪ್ರಿಲ್–ಮೇ ತಿಂಗಳ ಬಿರುಬಿಸಿಲಿನಲ್ಲೇ ನಡೆಯುತ್ತದೆ. ಹಾರ್ವೆಸ್ಟರಿನ ಬ್ಲೋವರ್ (ಕ್ಯಾಬಿನ್ನಿಗೆ ಗಾಳಿ ಊದುವ ಫ್ಯಾನು) ನಿಂತರೆ ಗಾಜಿನ ಕ್ಯಾಬಿನ್ನಿನೊಳಗೆ ಸ್ವಲ್ಪ ಹೊತ್ತು ಕೂರುವುದೂ ಕಷ್ಟ. ಬಾಗಿಲು ತೆರೆದರೆ ಹೊಟ್ಟು, ದೂಳು ಒಳಗೆ ನುಗ್ಗುತ್ತವೆ. ಈ ದಿನಗಳಲ್ಲಿ ವೈರಿಂಗ್ ಕೆಲಸಕ್ಕೆಂದು ಹೋದಾಗ ನಾನು ಹೆಚ್ಚಾಗಿ ಕೇಳುವ ದೂರು, ಬ್ಲೋವರಿನ ಸ್ವಿಚ್ ಸುಟ್ಟುಹೋಯಿತು ಎಂಬುದು. ಮಾಲೀಕರು ಅಂಥದ್ದೇ ಇನ್ನೊಂದು ಸ್ವಿಚ್ ತಂದು ಹಾಕಿಸುತ್ತಾರೆ, ಅದೂ ಕೆಲವೇ ದಿನಗಳಲ್ಲಿ ಕರಗುತ್ತದೆ. ಹೀಗಾದಾಗ ಸ್ವಿಚ್ಚಿನ ಗುಣಮಟ್ಟವನ್ನು ಬೈಯುವುದಕ್ಕಿಂತ ಮೊದಲು, ಅದರ ಮೂಲಕ ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ನೋಡಬೇಕು.

12 ವೋಲ್ಟಿನ ಬ್ಲೋವರ್ ಮೋಟಾರು ಪೂರ್ಣ ವೇಗದಲ್ಲಿ 15 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳೋಣ. ಚಾಲೂ ಆಗುವ ಕ್ಷಣದಲ್ಲಿ ಅದು ಇದರ ಹಲವು ಪಟ್ಟು ಎಳೆಯುತ್ತದೆ. ದೂಳು ಕೂತು ಸ್ವಿಚ್ಚಿನ ಪಾಯಿಂಟಿನಲ್ಲಿ, ಅಂದರೆ ಲೋಹದ ತುದಿಗಳು ಕೂಡುವ ಜಾಗದಲ್ಲಿ, ಕೇವಲ 0.1 ಓಮ್ ತಡೆ ಹುಟ್ಟಿದರೂ ಅಲ್ಲಿ 22 ವಾಟಿಗೂ ಹೆಚ್ಚು ಶಾಖ ಏಳುತ್ತದೆ, ಅಂದರೆ ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಸಣ್ಣ ಸಾಲ್ಡರಿಂಗ್ ಐರನ್ ಉರಿಯುತ್ತಿದ್ದಂತೆ. ರಿಲೇ ಎಂದರೆ ಒಳಗಿನ ಕಾಯಿಲಿಗೆ (ತಂತಿಯ ಸುರುಳಿಗೆ) ಸಣ್ಣ ಕರೆಂಟ್ ಕೊಟ್ಟಾಗ ಅದು ಅಯಸ್ಕಾಂತವಾಗಿ ಪಾಯಿಂಟನ್ನು ಎಳೆದು, ದೊಡ್ಡ ಕರೆಂಟಿಗೆ ದಾರಿ ಮಾಡುವ ಸ್ವಿಚ್. ಅದನ್ನು ಹಾಕಿದರೆ ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕ ಹರಿಯುವುದು ಕಾಯಿಲಿನ ಕರೆಂಟ್ ಮಾತ್ರ. ಸಾಮಾನ್ಯ 12 ವೋಲ್ಟ್ ರಿಲೇಯ ಕಾಯಿಲ್ ಸುಮಾರು 85 ಓಮ್ ಇರುವುದರಿಂದ, ಆ ಕರೆಂಟ್ ಕಾಲು ಆಂಪಿಯರಿಗೂ ಕಡಿಮೆ. ಡ್ಯಾಶ್‌ಬೋರ್ಡಿನ ಮೇಲೆ ಕೂರಿಸುವ ಪುಟ್ಟ ಫ್ಯಾನಿಗೆ ಇಷ್ಟೆಲ್ಲ ಬೇಕಿಲ್ಲ. ಅದಕ್ಕೆ ಸರಿಯಾದ ಫ್ಯೂಸ್ ಇದ್ದರೆ ಸಾಕು.

ರಿಲೇ ಕೊಳ್ಳುವ ಮೊದಲು ಬ್ಯಾಟರಿಯ ಬಳಿ ಹೋಗಿ ನೋಡಬೇಕು. ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟ್ ಮಾಡಿದ ಯಂತ್ರಕ್ಕೆ 12 ವೋಲ್ಟಿನ ರಿಲೇ ಹಾಕಿದರೆ ಕಾಯಿಲ್ ಸುಡುತ್ತದೆ. 24 ವೋಲ್ಟಿನದನ್ನು 12 ವೋಲ್ಟಿಗೆ ಹಾಕಿದರೆ ಅದು ಪಾಯಿಂಟನ್ನು ಎಳೆಯುವುದೇ ಇಲ್ಲ. ರಿಲೇಯ ಕಾಲುಗಳ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆಗಳನ್ನು ಓದಿಕೊಂಡರೆ ಗೊಂದಲವಿರದು. 30ಕ್ಕೆ ಬ್ಯಾಟರಿಯ ಪ್ಲಸ್ ಫ್ಯೂಸಿನ ಮೂಲಕ ಬರುತ್ತದೆ, 87ರಿಂದ ಮೋಟಾರಿಗೆ ಹೋಗುತ್ತದೆ, 86ಕ್ಕೆ ಕೀ ಆನ್ ಆದಾಗ ಮಾತ್ರ ಬರುವ ಪ್ಲಸ್ ಅನ್ನು ಸ್ವಿಚ್ಚಿನ ಮೂಲಕ ಕೊಡಬೇಕು, 85 ಅರ್ತಿಗೆ, ಅಂದರೆ ಬ್ಯಾಟರಿಯ ಮೈನಸ್ ಸೇರಿರುವ ಯಂತ್ರದ ಕಬ್ಬಿಣದ ಮೈಗೆ. ಐದು ಕಾಲಿನ ರಿಲೇಯಲ್ಲಿ ನಡುವೆ ಇರುವ 87ಎ ಎಂಬ ಕಾಲು ಸ್ವಿಚ್ ಆಫ್ ಇದ್ದಾಗ 30ಕ್ಕೆ ಕೂಡಿರುತ್ತದೆ, ಅದಕ್ಕೆ ಮೋಟಾರನ್ನು ಜೋಡಿಸಿದರೆ ಎಲ್ಲವೂ ತಿರುಗುಮುರುಗಾಗುತ್ತದೆ. ಕೀ ತೆಗೆದ ಮೇಲೂ ಬ್ಲೋವರ್ ಓಡುತ್ತಲೇ ಇದ್ದು, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿಯಾಗಿರುತ್ತದೆ. ಕಾಯಿಲಿಗೆ ಅಡ್ಡವಾಗಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ ರಿಲೇಯಾದರೆ 85, 86ರ ಪ್ಲಸ್ ಮೈನಸ್ ಅದಲು ಬದಲಾಗಬಾರದು.

ವೇಗ ತಗ್ಗಿಸಲು ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗ) ಇರುವ ಮೂರು ನಾಲ್ಕು ವೇಗದ ಬ್ಲೋವರಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಕೆಲವು ಯಂತ್ರಗಳಲ್ಲಿ ವೇಗ ಬದಲಿಸುವ ಸ್ವಿಚ್ ಪ್ಲಸ್ ಕಡೆಗಿರುತ್ತದೆ, ಕೆಲವುಗಳಲ್ಲಿ ಅರ್ತ್ ಕಡೆಗೆ. ಅರ್ತ್ ಕಡೆಗಿದ್ದಾಗ ಪ್ಲಸ್ ವೈರಿಗೆ ರಿಲೇ ಹಾಕಿ ಪ್ರಯೋಜನವಿಲ್ಲ, ಏಕೆಂದರೆ ಮೋಟಾರಿನಿಂದ ಹೊರಬರುವ ಪೂರ್ತಿ ಕರೆಂಟ್ ಆಗಲೂ ಅದೇ ಸ್ವಿಚ್ಚನ್ನು ದಾಟಿಯೇ ಹೋಗಬೇಕು. ಅಂಥಲ್ಲಿ ನಾನು ಅತಿ ಹೆಚ್ಚಿನ ವೇಗಕ್ಕೆ ಮಾತ್ರ ರಿಲೇ ಕೊಡುತ್ತೇನೆ: 30 ನೇರ ಅರ್ತಿಗೆ, 87 ಮೋಟಾರಿನ ಮೈನಸ್‌ಗೆ, 86ಕ್ಕೆ ಕೀ ಪ್ಲಸ್, ಸ್ವಿಚ್ಚಿನ ಕೊನೆಯ ವೇಗದ ವೈರನ್ನು ಮೋಟಾರಿನಿಂದ ಬಿಡಿಸಿ 85ಕ್ಕೆ. ಕಡಿಮೆ ವೇಗಗಳಲ್ಲಿ ರೆಸಿಸ್ಟರೇ ಕರೆಂಟನ್ನು ತಗ್ಗಿಸುವುದರಿಂದ ಸ್ವಿಚ್ಚಿಗೆ ಅಷ್ಟು ಹೊರೆ ಬೀಳುವುದಿಲ್ಲ.

ಫ್ಯೂಸಿನ ವಿಷಯದಲ್ಲಿ ನಾನು ಯಾರ ಮಾತಿಗೂ ಒಪ್ಪುವುದಿಲ್ಲ. ರಿಲೇಗೆ ಬರುವ ವೈರು ಬ್ಯಾಟರಿಯಿಂದ ನೇರವಾಗಿ ಬರುವುದರಿಂದ ಕೀ ತೆಗೆದಿದ್ದರೂ ಅದರಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅದರ ಮೈ ಎಲ್ಲಾದರೂ ಕಬ್ಬಿಣಕ್ಕೆ ಉಜ್ಜಿ ಸವೆದರೆ, ಎಂಜಿನ್ ಸುತ್ತ ಕೂತ ಒಣ ಹುಲ್ಲಿನ ದೂಳಿಗೆ ಬೆಂಕಿ ತಗುಲಲು ಒಂದು ಕಿಡಿ ಸಾಕು. ಆದ್ದರಿಂದ ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು. ಕ್ಯಾಬಿನ್ನಿನಲ್ಲಿಟ್ಟರೆ ಅಲ್ಲಿಯವರೆಗಿನ ವೈರಿಗೆ ರಕ್ಷಣೆಯೇ ಇಲ್ಲ. 15 ಆಂಪಿಯರ್ ಮೋಟಾರಿಗೆ 20ರ ಹಳದಿ ಫ್ಯೂಸ್ ಸರಿಹೋಗುತ್ತದೆ. ಹಾರಿದ ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸುತ್ತುವ ಅಭ್ಯಾಸವನ್ನು ದಯವಿಟ್ಟು ಬಿಡಿ.

ವೈರಿನ ದಪ್ಪವೂ ಅಷ್ಟೇ ಮುಖ್ಯ. ನಾಲ್ಕು ಮೀಟರ್ ಉದ್ದಕ್ಕೆ 1.5 ಚದರ ಮಿಲಿಮೀಟರಿನ ವೈರು ಹಾಕಿದರೆ 15 ಆಂಪಿಯರಿನಲ್ಲಿ ಮುಕ್ಕಾಲು ವೋಲ್ಟಿನಷ್ಟು ದಾರಿಯಲ್ಲೇ ಸೋರಿಹೋಗುತ್ತದೆ. 4 ಚದರ ಮಿಲಿಮೀಟರಿನದಾದರೆ 0.3 ವೋಲ್ಟ್ ಮಾತ್ರ. ತುದಿಗಳಿಗೆ ಲಗ್ (ಲೋಹದ ಟರ್ಮಿನಲ್) ಹಾಕಿ ಗಟ್ಟಿಯಾಗಿ ಕ್ರಿಂಪ್ ಮಾಡಬೇಕು, ಅಂದರೆ ಇಕ್ಕಳದಿಂದ ಒತ್ತಿ ಹಿಡಿಸಬೇಕು. ಹೆಣೆದು ಟೇಪ್ ಸುತ್ತಿದ ಜೋಡಣೆ ಯಂತ್ರದ ನಡುಕಕ್ಕೆ ಹೆಚ್ಚು ದಿನ ನಿಲ್ಲದು. ಅರ್ತ್ ಕೊಡುವ ಜಾಗದಲ್ಲಿ ಬಣ್ಣ ಕೆರೆದು ಹೊಳೆಯುವ ಕಬ್ಬಿಣ ಕಾಣುವಂತೆ ಮಾಡಿ ಬೋಲ್ಟ್ ಬಿಗಿಯಬೇಕು. ಕ್ಯಾಬಿನ್ ರಬ್ಬರ್ ಬುಷ್‌ಗಳ ಮೇಲೆ ಕೂತಿದ್ದರೆ ಅಲ್ಲಿಂದ ಚಾಸಿಗೆ (ಯಂತ್ರದ ಚೌಕಟ್ಟಿಗೆ) ಒಂದು ಅರ್ತ್ ಪಟ್ಟಿಯೂ ಬೇಕು. ರಿಲೇಯನ್ನು ಕಾಲುಗಳು ಕೆಳಮುಖವಾಗಿರುವಂತೆ ಕೂರಿಸಿದರೆ ನೀರು, ದೂಳು ನಿಲ್ಲುವುದಿಲ್ಲ. ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಡುವುದನ್ನು ಮರೆಯಬಾರದು.

ಎಲ್ಲ ಜೋಡಿಸಿದ ಮೇಲೆ ಬ್ಲೋವರನ್ನು ಪೂರ್ಣ ವೇಗದಲ್ಲಿ ಓಡಿಸಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಮೇಲೂ ಇನ್ನೊಂದನ್ನು ಮೋಟಾರಿನ ಪ್ಲಸ್ ಮೇಲೂ ಇಟ್ಟು ನೋಡುತ್ತೇನೆ. ಅರ್ಧ ವೋಲ್ಟಿಗಿಂತ ಕಡಿಮೆ ತೋರಿಸಿದರೆ ಸರಿ. ಮೈನಸ್ ಕಡೆಗೂ ಹಾಗೆಯೇ ಅಳೆಯಬೇಕು. ಮುಂದೆ ಗದ್ದೆಯ ನಡುವೆ ಬ್ಲೋವರ್ ನಿಂತರೆ ಚಾಲಕನು ಸ್ವಿಚ್ ಒತ್ತಿ ರಿಲೇಯ ಮೇಲೆ ಬೆರಳಿಟ್ಟು ನೋಡಲಿ. ಟಿಕ್ ಎಂದು ಎಳೆದರೂ ಮೋಟಾರು ತಿರುಗದಿದ್ದರೆ ದೋಷ ಫ್ಯೂಸಿನಲ್ಲಿ, ರಿಲೇಯ ಪಾಯಿಂಟಿನಲ್ಲಿ ಅಥವಾ ಮೋಟಾರಿನ ಕಡೆ ಇರುತ್ತದೆ. ಸದ್ದೇ ಇಲ್ಲದಿದ್ದರೆ ಸ್ವಿಚ್, ಕಾಯಿಲ್ ಅಥವಾ 85ರ ಅರ್ತನ್ನು ಹುಡುಕಬೇಕು. ಅದೇ ನಮೂನೆಯ ಹಾರ್ನ್ ರಿಲೇ ಇದ್ದರೆ ಅದನ್ನು ಕಿತ್ತು ಇಲ್ಲಿಗೆ ಹಾಕಿ ನೋಡಿದರೆ, ರಿಲೇ ಕೆಟ್ಟಿದೆಯೋ ಇಲ್ಲವೋ ಎಂಬುದು ಅಲ್ಲೇ ತಿಳಿಯುತ್ತದೆ.